ಸೆನೆಕನ ಸಂಪತ್ತು: ನುಡಿ ಮತ್ತು ನಡೆ

ನೆಮ್ಮದಿಯ ಬದುಕಿಗೆ ಸಿರಿ ಅನಿವಾರ್ಯವಲ್ಲವೆಂದು ಬೋಧಿಸಿದ ರೋಮಿನ ಸ್ಟೋಯಿಕ್ ಚಿಂತಕ ಸೆನೆಕನು ಸ್ವತಃ ಅಪಾರ ಸಿರಿವಂತನಾಗಿದ್ದನು. ಕ್ರಿ.ಶ. 49ರಲ್ಲಿ ಬಾಲಕ ನೀರೋವಿನ ಗುರುವಾಗಿ ನಿಯುಕ್ತನಾದ ಈತ, 54ರಲ್ಲಿ ಶಿಷ್ಯನು ಚಕ್ರವರ್ತಿಯಾದ ಬಳಿಕ ಅವನ ಪ್ರಮುಖ ಸಲಹೆಗಾರನಾದನು. ನಾಲ್ಕು ವರ್ಷಗಳ ರಾಜಸ್ನೇಹದಲ್ಲಿ 30 ಕೋಟಿ ಸೆಸ್ಟರ್ಸ್‌ಗಳನ್ನು ಗಳಿಸಲು ಯಾವ ತತ್ತ್ವಜ್ಞಾನ ನೆರವಾಯಿತೆಂದು ಸುಯಿಲಿಯಸ್ ಎಂಬ ವಿರೋಧಿಯು 58ರಲ್ಲಿ ಆಕ್ಷೇಪಿಸಿದುದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಸೆನೆಟ್ ಸದಸ್ಯನಾಗಲು ಅಗತ್ಯವಿದ್ದ ಕನಿಷ್ಠ ಆಸ್ತಿ 10 ಲಕ್ಷ ಸೆಸ್ಟರ್ಸ್‌ಗಳೆಂಬುದನ್ನು ಗಮನಿಸಿದರೆ ಈ ಮೊತ್ತದ ಅಗಾಧತೆ ಸ್ಪಷ್ಟವಾಗುತ್ತದೆ. ನುಡಿ-ನಡೆಗಳ ಈ ಅಂತರವು ಸೆನೆಕನ ಬರಹವನ್ನೇ ತಳ್ಳಿಹಾಕಲು ಸಾಕಾದೀತೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಅಣ್ಣ ಗ್ಯಾಲಿಯೋವನ್ನು ಉದ್ದೇಶಿಸಿದ ‘ಸುಖಜೀವನವನ್ನು ಕುರಿತು’ ಎಂಬ ಗ್ರಂಥದಲ್ಲಿ ಇಂಥ ಆಕ್ಷೇಪವನ್ನು ಸೆನೆಕನೇ ಎತ್ತಿಕೊಳ್ಳುತ್ತಾನೆ. ತಾನು ಜ್ಞಾನಿಯಲ್ಲ, ದಿನದಿನವೂ ತನ್ನ ದೋಷಗಳನ್ನು ಕಳೆದುಕೊಳ್ಳಲು ಯತ್ನಿಸುವವನಷ್ಟೇ ಎಂಬುದು ಅವನ ಮೊದಲ ಉತ್ತರ. ಎರಡನೆಯದು ತಾತ್ತ್ವಿಕವಾದುದು. ಸ್ಟೋಯಿಕ್ ದರ್ಶನದಲ್ಲಿ ಸದ್ಗುಣವೊಂದೇ ಶ್ರೇಯಸ್ಸು. ಆರೋಗ್ಯ, ಸಂಪತ್ತು ಮೊದಲಾದವು ಸ್ವತಃ ಒಳಿತೂ ಅಲ್ಲ, ಕೆಡುಕೂ ಅಲ್ಲ. ಆದರೂ ಆಯ್ಕೆಗೆ ಅವಕಾಶವಿದ್ದಾಗ ಅವು ಗ್ರಾಹ್ಯವೇ. ಆದ್ದರಿಂದ ಜ್ಞಾನಿಯು ಸಂಪತ್ತನ್ನು ಮನೆಯೊಳಗೆ ಬಿಟ್ಟುಕೊಂಡಾನು, ಮನಸ್ಸಿನೊಳಗೆ ಬಿಟ್ಟುಕೊಳ್ಳನು. ಇದಕ್ಕೆ ಎರಡು ನಿಬಂಧನೆಗಳಿವೆ: ಆ ಸಂಪತ್ತು ಪರರ ನೋವಿನಿಂದ ಬಂದುದಾಗಿರಬಾರದು, ಅದು ಹೊರಟುನಿಂತಾಗ ಒಡೆಯನು ಕುಸಿಯಬಾರದು.

ಎರಡನೆಯ ನಿಬಂಧನೆಗೆ ಅಭ್ಯಾಸ ಬೇಕು. ಲುಸಿಲಿಯಸ್‌ನಿಗೆ ಬರೆದ 124 ಪತ್ರಗಳಲ್ಲಿ 18ನೆಯದು ಇದನ್ನು ವಿವರಿಸುತ್ತದೆ. ಡಿಸೆಂಬರ್ ತಿಂಗಳ ಹಬ್ಬದಲ್ಲಿ ರೋಮ್ ನಗರವೆಲ್ಲ ಭೋಗದಲ್ಲಿ ಮುಳುಗಿರುವ ಹೊತ್ತಿನಲ್ಲಿ ಬರೆದ ಈ ಪತ್ರವು, ಆಗಾಗ ಕೆಲವು ದಿನ ಒರಟು ಬಟ್ಟೆ, ಅತ್ಯಲ್ಪ ಆಹಾರಗಳಲ್ಲಿ ಕಳೆಯಬೇಕೆಂದು ಸೂಚಿಸುತ್ತದೆ. ಪ್ರತಿಪಕ್ಷದ ಎಪಿಕ್ಯೂರಸನ ನಿದರ್ಶನವನ್ನೂ ಅಲ್ಲಿ ಮುಕ್ತವಾಗಿ ಬಳಸಿಕೊಳ್ಳಲಾಗಿದೆ. ಸಂನ್ಯಾಸ ಇಲ್ಲಿನ ಗುರಿಯಲ್ಲ. ಬಡತನದ ಭಯದಿಂದ ಬಿಡುಗಡೆಯೇ ಗುರಿ.

ಸೆನೆಕನ ಬದುಕನ್ನು ಅವನದೇ ನಿಬಂಧನೆಗಳಿಂದ ಅಳೆಯುವುದು ಉಚಿತ. 62ರಲ್ಲಿ ಅವನು ತನ್ನ ಆಸ್ತಿಯನ್ನು ನೀರೋವಿಗೆ ಒಪ್ಪಿಸಲು ಮುಂದಾದನು, ನೀರೋ ನಿರಾಕರಿಸಿದನು. 65ರಲ್ಲಿ ಅರಸನ ಆಜ್ಞೆಯಂತೆ ಪ್ರಾಣತ್ಯಾಗ ಮಾಡಬೇಕಾದಾಗ ಅವನು ಧೃತಿಗೆಡಲಿಲ್ಲವೆಂದು ಟ್ಯಾಸಿಟಸ್ ಚಿತ್ರಿಸುತ್ತಾನೆ. ಎರಡನೆಯ ನಿಬಂಧನೆಯನ್ನು ಅವನು ಪಾಲಿಸಿದನೆನ್ನಬಹುದು. ಮೊದಲನೆಯದರ ಬಗ್ಗೆ ಹಾಗೆನ್ನಲಾಗದು. ಬ್ರಿಟನ್ನಿನ ಜನರಿಗೆ ಕೊಟ್ಟಿದ್ದ 4 ಕೋಟಿ ಸೆಸ್ಟರ್ಸ್ ಸಾಲವನ್ನು ಅವನು ಒಮ್ಮೆಲೇ ಬಲವಂತವಾಗಿ ಹಿಂದಕ್ಕೆ ಕೇಳಿದುದು ಬೌಡಿಕಾಳ ದಂಗೆಗೆ ಒಂದು ಕಾರಣವೆಂದು ಕ್ಯಾಸಿಯಸ್ ಡಿಯೋ ಬರೆಯುತ್ತಾನೆ. ಡಿಯೋ ಶತಮಾನಕ್ಕೂ ಹೆಚ್ಚು ಕಾಲದ ನಂತರದವನು, ಸೆನೆಕನ ಬಗ್ಗೆ ಪ್ರತಿಕೂಲ ಧೋರಣೆಯುಳ್ಳವನು. ಆದರೂ ಈ ಆರೋಪವನ್ನು ಕಡೆಗಣಿಸುವಂತಿಲ್ಲ.

ಹೀಗೆ ಸೆನೆಕನನ್ನು ಪ್ರಶ್ನಿಸಲು ಬೇಕಾದ ಮಾನದಂಡವು ಅವನ ಗ್ರಂಥದಲ್ಲಿಯೇ ದೊರೆಯುತ್ತದೆ. ಸಂತೃಪ್ತಿಯನ್ನು ಕೇವಲ ಮನಸ್ಸಿನ ಸ್ಥಿತಿಯೆಂದು ಓದಿದರೆ ಗಳಿಕೆಯ ನ್ಯಾಯಾನ್ಯಾಯದ ಪ್ರಶ್ನೆ ಮರೆಯಾಗುತ್ತದೆ. ಎರಡು ನಿಬಂಧನೆಗಳನ್ನೂ ಒಟ್ಟಿಗೆ ಓದಿದಾಗ ಮಾತ್ರ ಅವನ ವಿಚಾರವು ಸಿರಿವಂತರ ಸಮಾಧಾನದ ಮಾತಾಗದೆ ನೈತಿಕ ಚಿಂತನೆಯಾಗಿ ಉಳಿಯುತ್ತದೆ.