ಮನೆಯ ಊಟಕ್ಕೆ ಹೊಲದಲ್ಲೊಂದು ಪಾಲು

ಬಿತ್ತನೆಗೆ ಮುನ್ನ ಕೆಲವು ಲೆಕ್ಕಗಳನ್ನು ಹಾಕಿಕೊಳ್ಳುವುದು ಒಕ್ಕಲು ಮನೆಗಳ ವಾಡಿಕೆ. ಬೀಜ ಎಷ್ಟು ಬೇಕು, ಗೊಬ್ಬರಕ್ಕೆ ಹಣವೆಷ್ಟು, ಕೊಳವೆಬಾವಿಯ ನೀರು ಎಲ್ಲಿಯವರೆಗೆ ಬಂದೀತು, ಪೇಟೆಯಲ್ಲಿ ಯಾವುದಕ್ಕೆ ಧಾರಣೆ ನಿಂತೀತು ಎಂಬುದೆಲ್ಲ ಈ ಲೆಕ್ಕದಲ್ಲಿ ಬರುತ್ತದೆ. ಆದರೆ ಬರುವ ವರ್ಷ ಮನೆಯವರು ಏನನ್ನು ಉಣ್ಣುತ್ತಾರೆ ಎಂಬ ಲೆಕ್ಕ ಮಾತ್ರ ಈಚಿನ ವರ್ಷಗಳಲ್ಲಿ ಬಿಟ್ಟುಹೋಗಿದೆ. ಹಿಂದೆ ಮೊದಲು ಹಾಕುತ್ತಿದ್ದುದು ಅದೇ ಲೆಕ್ಕ.

ತುಮಕೂರು, ಕೋಲಾರ, ರಾಮನಗರ, ಹಾಸನ ಜಿಲ್ಲೆಗಳ ಒಣಭೂಮಿಯಲ್ಲಿ ಈ ಬದಲಾವಣೆ ಒಮ್ಮೆಲೇ ಆದುದಲ್ಲ. ಕೋಲಾರ ಭಾಗದಲ್ಲಿ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಅನೇಕ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಕೊಳವೆಬಾವಿ ಬಂದ ಕಡೆ ಟೊಮ್ಯಾಟೊ, ಹಿಪ್ಪುನೇರಳೆ ಬಂದವು. ಇದರಿಂದ ಕೈಗೆ ಹಣ ಬಂದುದು ನಿಜ. ಮಕ್ಕಳ ಓದು, ಮನೆ ಕಟ್ಟುವುದು ಈ ಹಣದಿಂದಲೇ ಆಯಿತು. ಆದ್ದರಿಂದ ಇದನ್ನು ತಪ್ಪೆನ್ನುವಂತಿಲ್ಲ. ಆದರೆ ಅಕ್ಕಡಿಯ ಅವರೆ, ತೊಗರಿ, ಬದುವಿನ ಸೊಪ್ಪು, ಹಗೇವಿನ ರಾಗಿ ಇವು ಒಂದೊಂದಾಗಿ ಮನೆಯಿಂದ ಹೊರಗೆ ನಡೆದವು. ಆ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿ, ಪೊಟ್ಟಣದ ಎಣ್ಣೆ, ಬೇಕರಿಯ ತಿಂಡಿ ಬಂದು ಕುಳಿತವು.

ಪರಿಣಾಮ ಊರೂರಿನಲ್ಲಿ ಕಾಣುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ನೂರಕ್ಕೆ 65ನ್ನು ದಾಟಿತ್ತು. ಇನ್ನೊಂದು ಕಡೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಪ್ರಕಟಿಸಿದ ಅಧ್ಯಯನವು ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಎಂದು ಅಂದಾಜು ಮಾಡಿತು. ಒಂದೇ ಮನೆಯಲ್ಲಿ ಸೊಸೆಗೆ ರಕ್ತ ಸಾಲದು, ಮಾವನಿಗೆ ಸಕ್ಕರೆ ಹೆಚ್ಚು. ಇವೆರಡಕ್ಕೂ ಕಾರಣಗಳು ಹಲವು. ಆದರೂ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದಾಗಿ, ಸೊಪ್ಪು ಕಾಳು ಕಡಿಮೆಯಾದುದು ಎರಡು ಕಡೆಗೂ ಸೇರುವ ಕಾರಣ.

ರಾಗಿಯಲ್ಲಿ ಇರುವುದು, ಇಲ್ಲದಿರುವುದು

100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ. ಸುಣ್ಣಾಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಇರುವುದು 10 ಮಿ.ಗ್ರಾಂ.ಗೂ ಕಡಿಮೆ. ನಾರಿನಂಶ ರಾಗಿಯಲ್ಲಿ 11 ಗ್ರಾಂ ಇದ್ದರೆ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಸಸಾರಜನಕದಲ್ಲಿ ಮಾತ್ರ ಎರಡೂ ಹೆಚ್ಚು ಕಡಿಮೆ ಸಮ. 100 ಗ್ರಾಂಗೆ 7-8 ಗ್ರಾಂ. ಇದನ್ನು ತುಂಬಿಕೊಡುವುದು ಕಾಳು. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಸಸಾರಜನಕವಿದೆ. ಮುದ್ದೆಯ ಜೊತೆಗೆ ಹುರುಳಿ ಸಾರು, ಬಸ್ಸಾರು, ಅವರೆಕಾಳಿನ ಹುಳಿ ಎಂದು ಹಿರಿಯರು ಜೋಡಿಸಿದ್ದು ರುಚಿಗಾಗಿ ಇರಬಹುದು. ಆಹಾರ ವಿಜ್ಞಾನವೂ ಈ ಜೋಡಣೆಯನ್ನು ಒಪ್ಪುತ್ತದೆ.

ರಾಗಿಯ ಸುಣ್ಣಾಂಶ, ನಾರು ಬಹುಪಾಲು ಸಿಪ್ಪೆಯಲ್ಲಿರುತ್ತದೆ. ಆದ್ದರಿಂದ ಹಿಟ್ಟನ್ನು ತೆಳುವಾದ ಬಟ್ಟೆಯಲ್ಲಿ ಶೋಧಿಸಿ ಹೊಟ್ಟನ್ನು ದನಕ್ಕೆ ಹಾಕಿದರೆ ಒಳ್ಳೆಯ ಭಾಗ ಕೊಟ್ಟಿಗೆಗೆ ಹೋದಂತೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಟ್ಟು ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಅದರಲ್ಲಿನ ಖನಿಜಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಮಕ್ಕಳ ಗಂಜಿಗೆ ಇದಕ್ಕಿಂತ ಅಗ್ಗದ ಪುಡಿ ಅಂಗಡಿಯಲ್ಲಿ ಸಿಗಲಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿಯನ್ನು ಔಷಧಿಯಂತೆ ಹೊಗಳುವವರು ಹೆಚ್ಚಾಗಿದ್ದಾರೆ. ಸಕ್ಕರೆ ಕಾಯಿಲೆಯವರು ನುಣ್ಣನೆಯ ಹಿಟ್ಟಿನ ತೆಳು ಗಂಜಿಯನ್ನು ಲೋಟಗಟ್ಟಲೆ ಕುಡಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆಯಾದರೂ ಗಾತ್ರ ಮಿತವಾಗಿದ್ದು, ಜೊತೆಗೆ ಕಾಳು ಸೊಪ್ಪು ಸಾಕಷ್ಟಿರಬೇಕು. ವೈದ್ಯರು ಕೊಟ್ಟ ಗುಳಿಗೆಯನ್ನು ರಾಗಿಯ ಭರವಸೆಯಿಂದ ನಿಲ್ಲಿಸುವುದು ಅಪಾಯ.

ಎಷ್ಟು ಜಾಗ, ಎಷ್ಟು ಹಣ

ತಲೆಗೆ ದಿನಕ್ಕೆ 200 ಗ್ರಾಂ ರಾಗಿ ಎಂದರೆ ಐದು ಜನರ ಮನೆಗೆ ದಿನಕ್ಕೆ 1 ಕಿಲೋ, ವರ್ಷಕ್ಕೆ 365 ಕಿಲೋ. ಮಳೆಯಾಶ್ರಯದಲ್ಲಿ ಎಕರೆಗೆ 6 ಕ್ವಿಂಟಾಲ್ ಇಳುವರಿ ಬಂದರೂ 25 ಗುಂಟೆಯಲ್ಲಿ ಇಷ್ಟನ್ನು ಬೆಳೆಯಬಹುದು. ಅಕ್ಕಡಿ ಸಾಲಿಗೆ ಜಾಗ ಬಿಡಬೇಕಾದ್ದರಿಂದ 30 ಗುಂಟೆ ಎಂದಿಟ್ಟುಕೊಳ್ಳುವುದು ಕ್ಷೇಮ. 8 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲವೇ 8 ಸಾಲಿಗೆ 1 ಸಾಲು ಅವರೆ ಹಾಕುವುದು ಒಳ್ಳೆಯ ಪದ್ಧತಿ. ಮಳೆ ತಡವಾಗಿ ರಾಗಿ ಸೊರಗಿದ ವರ್ಷದಲ್ಲಿಯೂ ಆಳವಾಗಿ ಬೇರು ಬಿಡುವ ತೊಗರಿ ಏನನ್ನಾದರೂ ಕೊಡುತ್ತದೆ. ಬೇಳೆ ಕಾಳಿಗೆ ಇದು ವರ್ಷವಿಡೀ ಸಾಲದು. ಉಳಿದುದಕ್ಕೆ ತುಂಡು ಜಮೀನಿನಲ್ಲಿ ಹಿಂಗಾರಿಗೆ ಮೊದಲು ಹುರುಳಿ ಚೆಲ್ಲಬಹುದು.

ಈ ರಾಗಿಯನ್ನು ಮನೆಗೆ ಇಟ್ಟುಕೊಳ್ಳುವುದರಿಂದ ನಷ್ಟವಿಲ್ಲವೆಂದು ಹೇಳಲಾಗದು. 2024-25ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಆ ದರದಲ್ಲಿ 365 ಕಿಲೋಗೆ ಸುಮಾರು 15,650 ರೂಪಾಯಿ ಆಗುತ್ತದೆ. ಒಣಭೂಮಿಯ ಸಣ್ಣ ರೈತನಿಗೆ ಇದು ಚಿಲ್ಲರೆ ಹಣವಲ್ಲ. ಸಾಲದ ಕಂತು ಎದುರಿಗೆ ನಿಂತಾಗ ಮನೆಯ ಚೀಲಕ್ಕೂ ಕೈ ಹೋಗುವುದು ಸಹಜ. ಇದಕ್ಕೆ ಎದುರಾಗಿ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಮನೆಗೆ ದಿನಕ್ಕೆ 30 ರೂಪಾಯಿಯ ಬನ್ನು, ಬಿಸ್ಕತ್ತು, ಕರಿದ ತಿಂಡಿ ಬಂದರೆ ವರ್ಷಕ್ಕೆ 10,950 ರೂಪಾಯಿ. ಈ ಖರ್ಚು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಆಸ್ಪತ್ರೆಯ ಖರ್ಚನ್ನಂತೂ ಮೊದಲೇ ಬರೆದಿಡಲು ಬಾರದು.

ಹೊಲದಷ್ಟೇ ಮುಖ್ಯವಾದುದು ಹಿತ್ತಲು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಇಷ್ಟರಲ್ಲಿ ಎರಡು ನುಗ್ಗೆ, ಒಂದು ನಿಂಬೆ, ಒಂದು ಕರಿಬೇವು, ನಾಲ್ಕು ಪರಂಗಿ ಗಿಡಗಳಿಗೆ ಅಂಚಿನಲ್ಲಿ ಜಾಗ ಕೊಟ್ಟು, ನಡುವೆ ದಂಟು, ಮೆಂತ್ಯ, ಪಾಲಕ್ ಮಡಿಗಳನ್ನು ಮಾಡಬಹುದು. ಮಡಿಗಳನ್ನೆಲ್ಲ ಒಂದೇ ದಿನ ಬಿತ್ತಬಾರದು. ಹತ್ತು ದಿನಕ್ಕೊಂದರಂತೆ ಬಿತ್ತಿದರೆ ತಿಂಗಳು ತುಂಬುವ ಹೊತ್ತಿಗೆ ಮೊದಲ ಮಡಿ ಕೊಯ್ಲಿಗೆ ಬಂದು, ಮುಂದೆ ಸೊಪ್ಪು ತಪ್ಪುವುದಿಲ್ಲ. ಪಿ.ಕೆ.ಎಂ.-1 ನುಗ್ಗೆಯು ಬೀಜದಿಂದಲೇ ಬೆಳೆದು ಸುಮಾರು ಆರು ತಿಂಗಳಲ್ಲಿ ಹೂ ಬಿಡುತ್ತದೆ. ಕಾಯಿಯನ್ನು ಮಾರಿದರೂ ಸೊಪ್ಪನ್ನು ಮನೆಗೆ ಉಳಿಸಬೇಕು. 100 ಗ್ರಾಂ ಸೊಪ್ಪಿನಲ್ಲಿ 300 ಮಿ.ಗ್ರಾಂ.ಗೂ ಮೇಲ್ಪಟ್ಟು ಸುಣ್ಣಾಂಶವಿದ್ದು, ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲವೂ ಧಾರಾಳವಾಗಿದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದರಿಂದ ಕಬ್ಬಿಣಾಂಶ ಹೆಚ್ಚು ಹೀರಲ್ಪಡುತ್ತದೆ. ಊಟದ ಜೊತೆಯಲ್ಲೇ ಕಾಫಿ, ಟೀ ಕುಡಿದರೆ ಇದಕ್ಕೆ ವಿರುದ್ಧವಾದ ಪರಿಣಾಮ. ಒಂದು ಗಂಟೆಯಾದರೂ ಅಂತರವಿರಲಿ.

ಬಚ್ಚಲು ನೀರನ್ನು ಪರಂಗಿ, ನುಗ್ಗೆಗೆ ಹರಿಸಬಹುದು. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿಗೆ ಬೇಡ.

ಮಾರುವ ತರಕಾರಿಗೆ ಔಷಧಿ ಹೊಡೆದು, ಮನೆಗೆಂದು ಔಷಧಿ ಹೊಡೆಯದ ನಾಲ್ಕು ಗಿಡ ಬೇರೆ ಇಟ್ಟುಕೊಳ್ಳುವವರು ಉಂಟು. ಮನೆಯವರಿಗೆ ಬೇಡವಾದುದು ಕೊಳ್ಳುವವರಿಗೆ ಹೇಗೆ ಬೇಕಾದೀತು? ಡಬ್ಬಿಯ ಮೇಲೆ ಬರೆದಿರುವ, ಸಿಂಪಡಣೆಗೂ ಕೊಯ್ಲಿಗೂ ನಡುವಿನ ದಿನಗಳನ್ನು ಪಾಲಿಸಿದರೆ ಈ ಎರಡು ಬಗೆಯ ಬೇಸಾಯದ ಅಗತ್ಯ ಬೀಳದು.

ಅಡುಗೆಮನೆಯ ಕಡೆ

ಸರಳ ಊಟವೆಂಬುದು ಹೇಳಲು ಸರಳ. ಸೊಪ್ಪು ಬಿಡಿಸುವುದು, ಕಾಳು ಹಿದುಕುವುದು, ಮುದ್ದೆ ತೊಳಸುವುದು ಎಲ್ಲಕ್ಕೂ ಹೊತ್ತು ಬೇಕು, ತೋಳಿನ ಶಕ್ತಿ ಬೇಕು. ಕಳೆ ಕಿತ್ತು, ಹಾಲು ಕರೆದು ಬಂದ ಹೆಂಗಸಿಗೆ ಅನ್ನ ಸಾರು ಹಗುರವಾಗಿ ಕಂಡರೆ ಅದು ಅವಳ ದೋಷವಲ್ಲ. ಸೊಪ್ಪು ಬಿಡಿಸಲು, ಕಾಳು ಸುಲಿಯಲು ಗಂಡಸರೂ ಕುಳಿತುಕೊಳ್ಳದೆ ಈ ಬದಲಾವಣೆ ನಿಲ್ಲುವುದು ಕಷ್ಟ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ಪದ್ಧತಿಯೂ ಹೋಗಬೇಕು. ಹಾಗೆ ಉಳಿಯುವುದು ಸಾಮಾನ್ಯವಾಗಿ ಅನ್ನ ಮತ್ತು ತಿಳಿಸಾರು. ಕಾಳು ಮೊದಲ ಪಂಕ್ತಿಗೇ ಮುಗಿದಿರುತ್ತದೆ. ರಕ್ತಹೀನತೆಯ ಮಾತು ಇಲ್ಲಿಗೂ ತಾಗುತ್ತದೆ.

ಎಣ್ಣೆಯನ್ನು ತಿಂಗಳ ಲೆಕ್ಕದಲ್ಲಿ ಹಿಡಿಯುವುದು ಸುಲಭ. ತಲೆಗೆ ದಿನಕ್ಕೆ 27 ಗ್ರಾಂ ಮಿತಿಯಂತೆ ಐವರಿಗೆ ತಿಂಗಳಿಗೆ ಸುಮಾರು 4 ಕಿಲೋ ಸಾಕು. ಡಬ್ಬಿ ಅದಕ್ಕೆ ಮೊದಲೇ ಬರಿದಾದರೆ ಕರಿಯುವುದು ಹೆಚ್ಚಾಗಿದೆ ಎಂದರ್ಥ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು; ಉಪ್ಪಿನಕಾಯಿ, ಹಪ್ಪಳ ಇದರಲ್ಲೇ ಸೇರಿದವು.

ರೈತನಿಗೆ ವ್ಯಾಯಾಮ ಏಕೆ ಎಂದು ಕೇಳುವವರಿದ್ದಾರೆ. ಟ್ರ್ಯಾಕ್ಟರ್ ಉಳುತ್ತದೆ, ಮೋಟಾರನ್ನು ಮೊಬೈಲೇ ಹಾಕುತ್ತದೆ, ಹೊಲಕ್ಕೆ ಸ್ಕೂಟರ್ ಹೋಗುತ್ತದೆ. ದುಡಿತದ ಭಾರ ಇಳಿದುದು ಒಳ್ಳೆಯದೇ, ಆದರೆ ಊಟದ ಅಳತೆ ಹಳೆಯದೇ ಉಳಿದಿದೆ. ಹೊಲಕ್ಕೆ ದಿನಕ್ಕೊಮ್ಮೆ ನಡೆದು ಹೋದರೆ ಬೆಳೆಯ ರೋಗವೂ ಬೇಗ ಕಣ್ಣಿಗೆ ಬೀಳುತ್ತದೆ.

ಒಕ್ಕಣೆಯ ಕಣದಲ್ಲಿಯೇ ಮನೆಯ ಪಾಲನ್ನು ತೂಗಿ ಬೇರೆ ಮಾಡುವುದು ಉತ್ತಮ. ಖರೀದಿ ಕೇಂದ್ರಕ್ಕೆ ಗಾಡಿ ಹೊರಟ ಮೇಲೆ ಉಳಿಸಿಕೊಳ್ಳುವುದು ಆಗದ ಮಾತು. ರಾಗಿಯನ್ನು ಬಿಸಿಲಿನಲ್ಲಿ ತೇವಾಂಶ ನೂರಕ್ಕೆ 12ಕ್ಕೆ ಇಳಿಯುವಂತೆ ಒಣಗಿಸಿ, ಶುಭ್ರವಾದ ಚೀಲಗಳಲ್ಲಿ ತುಂಬಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಜೋಡಿಸಬೇಕು. ಚೆನ್ನಾಗಿ ಒಣಗಿದ ರಾಗಿಗೆ ಹುಳುವಿನ ಬಾಧೆ ಬಹಳ ಕಡಿಮೆ. ತೊಗರಿ, ಅವರೆಗೆ ಹಾಗಲ್ಲ; ಅವನ್ನು ಬೇಳೆ ಮಾಡಿ ಇಡುವುದು ಮೇಲು. ಮುಂದಿನ ಬಿತ್ತನೆಗೆ ಬೇಕಾದ ಬೀಜವನ್ನು, ಬೆಂಕಿರೋಗ ತಾಗದ ತೆನೆಗಳಿಂದ ಆರಿಸಿ, ಎಕರೆಗೆ 5 ಕಿಲೋ ಲೆಕ್ಕದಲ್ಲಿ ಬೇರೆ ಗಂಟು ಕಟ್ಟಿಡಬೇಕು.