ಸಣ್ಣ ನಾಡಿನ ಟೆನಿಸ್ ಆಟಗಾರ್ತಿ

ಸಂಜೆಯ ಘಂಟೆ ಬಾರಿಸಿದ ಮೇಲೂ ಮಗಳು ಶಾಲೆಯ ಆಟದ ಬಯಲನ್ನು ಬಿಟ್ಟು ಬಾರದಿರುವುದನ್ನು ಕಂಡ ತಂದೆತಾಯಿಗಳು ನನ್ನ ಕೋಣೆಗೆ ಬಂದು, “ಅಮ್ಮನವರೇ, ಈ ಆಟದಿಂದ ನಮ್ಮ ಹುಡುಗಿಗೆ ಮುಂದೆ ಆಗುವುದೇನು?” ಎಂದು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಬರಿಯ ಉಪದೇಶದ ಮಾತುಗಳಿಂದ ಉತ್ತರ ಕೊಡುವುದಕ್ಕಿಂತ, ಆಟವನ್ನೇ ಜೀವನೋಪಾಯವಾಗಿ ಹಿಡಿದ ಒಬ್ಬ ಸ್ತ್ರೀಯ ವೃತ್ತಾಂತವನ್ನು ಹೇಳಿ, ಆ ವೃತ್ತಿಯು ನಡೆಯುವ ಬಗೆಯನ್ನು ವಿವರಿಸುವುದು ಲೇಸೆಂದು ತೋರಿ ಈ ಲೇಖನವನ್ನು ಬರೆದಿರುವೆನು. ಆಕೆಯ ಹೆಸರು ಆನ್ಸ್ ಜಬೇರ್. ಆಕೆಯ ದೇಶವು ಟ್ಯುನೀಷಿಯಾ.

ಟ್ಯುನೀಷಿಯಾ ದೇಶವು ಆಫ್ರಿಕಾ ಖಂಡದ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವುದು. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕಕ್ಕಿಂತಲೂ ಚಿಕ್ಕದು. ಜನಸಂಖ್ಯೆಯು ಸುಮಾರು 1 ಕೋಟಿ 20 ಲಕ್ಷ. ಅಲ್ಲಿಯ ಜನರ ಮಾತು ಅರಬ್ಬಿ. ಅವರ ಅಚ್ಚುಮೆಚ್ಚಿನ ಆಟವು ಕಾಲ್ಚೆಂಡಾಟ. ಆಕೆಗಿಂತ ಮೊದಲು ಟೆನಿಸ್ ಆಟದಲ್ಲಿ ಹೆಸರು ಪಡೆದ ಆ ದೇಶದ ಮಹಿಳೆಯೆಂದರೆ ಸೆಲಿಮಾ ಸ್ಫಾರ್. ಆಕೆಯು 2001ನೆಯ ಇಸವಿಯಲ್ಲಿ ಲೋಕದ ಆಟಗಾರ್ತಿಯರ ಪಟ್ಟಿಯಲ್ಲಿ 75ನೆಯ ಸ್ಥಾನಕ್ಕೆ ಏರಿದ್ದಳು. ಅದಕ್ಕೂ ಮೇಲಿನ ದಾರಿಯನ್ನು ಆ ನಾಡಿನ ಹೆಣ್ಣುಮಗಳಾರೂ ಕಂಡಿರಲಿಲ್ಲ.

ಆನ್ಸ್ ಜಬೇರ್ 1994ನೆಯ ಇಸವಿ ಆಗಸ್ಟ್ 28ರಂದು ಕ್ಸಾರ್ ಹೆಲಾಲ್ ಎಂಬ ಊರಿನಲ್ಲಿ ಹುಟ್ಟಿ, ಸೂಸ್ ಪಟ್ಟಣದ ಸೀಮೆಯಲ್ಲಿ ಬೆಳೆದಳು. ತಾಯಿ ಸಮೀರಾ ಎಂಬಾಕೆಯು ಬಿಡುವಿನ ವೇಳೆಯಲ್ಲಿ ಟೆನಿಸ್ ಆಡುತ್ತಿದ್ದಳು. ಮೂರು ವರ್ಷದ ಮಗುವಿಗೆ ಆಟದ ಪರಿಚಯವನ್ನು ಮಾಡಿಸಿದವಳು ಅವಳೇ. ಹುಡುಗಿಯು ಸೇರಿದ ಕ್ಲಬ್ಬಿಗೆ ಸ್ವಂತದ ಟೆನಿಸ್ ಅಂಗಣವೇ ಇರಲಿಲ್ಲ. ಸಮೀಪದ ಹೋಟೆಲುಗಳಲ್ಲಿ ಪ್ರವಾಸಿಗರಿಗಾಗಿ ಮಾಡಿದ್ದ ಅಂಗಣಗಳಲ್ಲಿ ಅಭ್ಯಾಸವು ನಡೆಯುತ್ತಿತ್ತು. ದೇಶದ ಯಾವ ಮೂಲೆಯಲ್ಲಿ ಪಂದ್ಯವಿದ್ದರೂ ತಾಯಿಯು ಮಗಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗಿಯು ಮನೆಯನ್ನು ಬಿಟ್ಟು ರಾಜಧಾನಿಯಾದ ಟ್ಯೂನಿಸ್ ನಗರಕ್ಕೆ ಹೋಗಿ, ಪಾಠವನ್ನೂ ಆಟವನ್ನೂ ಒಟ್ಟಿಗೆ ಕಲಿಸುವ ಸರಕಾರದ ಕ್ರೀಡಾ ಪ್ರೌಢಶಾಲೆಯನ್ನು ಸೇರಿದಳು. ಹನ್ನೆರಡು ವರ್ಷದ ಮಗಳನ್ನು ಹಾಗೆ ಕಳುಹಿಸುವುದು ಎಷ್ಟು ಕಷ್ಟವೆಂಬುದನ್ನು, ಹಾಸ್ಟೆಲಿನ ಬಾಗಿಲಲ್ಲಿ ಮಗಳನ್ನು ಬಿಟ್ಟು ಹೋದ ತಾಯಂದಿರಿಗೆ ನಾನು ಹೇಳಬೇಕಾದುದಿಲ್ಲ.

ಅನಂತರ ಆಕೆಯು ಬೆಲ್ಜಿಯಂ ಮತ್ತು ಫ್ರಾನ್ಸ್ ದೇಶಗಳಲ್ಲಿಯೂ ಶಿಕ್ಷಣವನ್ನು ಪಡೆದಳು. ಪ್ಯಾರಿಸ್ ನಗರದಲ್ಲಿ ಪ್ರತಿವರ್ಷವೂ ನಡೆಯುವ ಫ್ರೆಂಚ್ ಓಪನ್ ಪಂದ್ಯಾವಳಿಯ ಬಾಲಿಕೆಯರ ವಿಭಾಗದಲ್ಲಿ 2010ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ, ಯುಕ್ರೇನ್ ದೇಶದ ಎಲಿನಾ ಸ್ವಿಟೋಲಿನಾಳಿಗೆ ಸೋತಳು. ಮರುವರ್ಷ, ಅಂದರೆ 2011ರಲ್ಲಿ, ಅದೇ ಅಂಗಣಕ್ಕೆ ಮರಳಿ ಬಂದು ಪೋರ್ಟೊ ರಿಕೊದ ಮೋನಿಕಾ ಪುಯಿಗ್ ಎಂಬಾಕೆಯನ್ನು ಸೋಲಿಸಿ ಪ್ರಶಸ್ತಿಯನ್ನು ಪಡೆದಳು. ಆಗ ಆಕೆಗೆ ಹದಿನಾರು ವರ್ಷ. ಇನ್ನು ಆಕೆಯ ದಾರಿಯು ಸುಗಮವಾಯಿತೆಂದು ನಾವು ಎಣಿಸುವುದು ಸಹಜ. ಆದರೆ ಹಾಗಾಗಲಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಈ ವೃತ್ತಿಯ ಏರ್ಪಾಟನ್ನು ಸ್ವಲ್ಪ ಅರಿಯಬೇಕು.

ಟೆನಿಸ್ ಆಟಗಾರ್ತಿಗೆ ತಿಂಗಳ ಸಂಬಳವೆಂಬುದಿಲ್ಲ. ಆಕೆಯ ಗಳಿಕೆಯು ಮುಖ್ಯವಾಗಿ ಗೆದ್ದ ಪಂದ್ಯಗಳ ಬಹುಮಾನದಿಂದ ಬರತಕ್ಕದ್ದು. ಪ್ರಯಾಣ, ವಸತಿ, ಶಿಕ್ಷಕನ ಸಂಭಾವನೆ ಇವೆಲ್ಲವೂ ಆ ಗಳಿಕೆಯಿಂದಲೇ ಸಲ್ಲಬೇಕು. ಪ್ರತಿ ಪಂದ್ಯಾವಳಿಯಲ್ಲಿಯೂ ಎಷ್ಟು ಸುತ್ತುಗಳನ್ನು ಗೆದ್ದಳೆಂಬುದಕ್ಕೆ ತಕ್ಕಂತೆ ಅಂಕಗಳು ದೊರೆಯುತ್ತವೆ. ಅಂಕಗಳ ಮೊತ್ತದ ಮೇಲೆ ಲೋಕದ ಆಟಗಾರ್ತಿಯರ ಕ್ರಮಾಂಕಪಟ್ಟಿಯು ಸಿದ್ಧವಾಗುತ್ತದೆ. ಆದರೆ ಈ ಅಂಕಗಳು 52 ವಾರಗಳು ಕಳೆದೊಡನೆ ಲೆಕ್ಕದಿಂದ ಬಿದ್ದುಹೋಗುತ್ತವೆ. ಆದಕಾರಣ ಕಳೆದ ವರ್ಷದ ಗೆಲುವನ್ನು ಈ ವರ್ಷವೂ ಮತ್ತೆ ಗೆದ್ದರಷ್ಟೇ ಇದ್ದ ಸ್ಥಾನವು ಉಳಿಯುವುದು.

ಆಸ್ಟ್ರೇಲಿಯಾ, ಫ್ರಾನ್ಸ್, ಇಂಗ್ಲೆಂಡ್ ಮತ್ತು ಅಮೆರಿಕಾ ದೇಶಗಳಲ್ಲಿ ನಡೆಯುವ ನಾಲ್ಕು ಮಹಾ ಪಂದ್ಯಾವಳಿಗಳಿಗೆ ಗ್ರ್ಯಾಂಡ್ ಸ್ಲಾಮ್ ಎಂದು ಹೆಸರು. ಒಂದೊಂದರಲ್ಲಿಯೂ 128 ಮಂದಿ ಆಡುವರು. ಏಳು ಸುತ್ತುಗಳನ್ನು ಸೋಲದೆ ಗೆದ್ದವಳಿಗೆ ಪ್ರಶಸ್ತಿ. ಈ 128 ಸ್ಥಾನಗಳಲ್ಲಿ ಸುಮಾರು 104 ಸ್ಥಾನಗಳು ಕ್ರಮಾಂಕದ ಬಲದಿಂದಲೂ, 16 ಸ್ಥಾನಗಳು ಮುಂಚಿತವಾಗಿ ನಡೆಯುವ ಮೂರು ಸುತ್ತಿನ ಅರ್ಹತಾ ಪಂದ್ಯಗಳಿಂದಲೂ ತುಂಬುತ್ತವೆ. ಉಳಿದ ಎಂಟನ್ನು ಪಂದ್ಯಾವಳಿ ನಡೆಸುವವರು ತಮ್ಮ ಇಷ್ಟದಂತೆ ಕೊಡುವರು. ಅವು ಹೆಚ್ಚಾಗಿ ಅವರವರ ದೇಶದ ತರುಣಿಯರ ಪಾಲಾಗುತ್ತವೆ. ಸಣ್ಣ ನಾಡಿನವಳ ಕಷ್ಟವು ಇಲ್ಲಿಯೇ ಇದೆ. ದೊಡ್ಡ ದೇಶದ ಹುಡುಗಿಗೆ ಮನೆಯ ಹತ್ತಿರವೇ ಪಂದ್ಯಗಳು, ಶಿಕ್ಷಕರು, ಸರಿಸಮನಾದ ಎದುರಾಳಿಗಳು, ಕೆಲವೊಮ್ಮೆ ಇಂತಹ ಉಚಿತ ಪ್ರವೇಶವೂ ದೊರೆಯುವುವು. ಟ್ಯುನೀಷಿಯಾದವಳು ಇವೆಲ್ಲಕ್ಕೂ ಸಮುದ್ರವನ್ನು ದಾಟಬೇಕು.

ಹೀಗಿರುವಲ್ಲಿ, ಬಾಲಿಕೆಯರ ಪ್ರಶಸ್ತಿಯನ್ನು ಗೆದ್ದವಳು ಲೋಕದ ಮೊದಲ ನೂರು ಮಂದಿಯೊಳಗೆ ಸೇರಲು ಆರು ವರ್ಷಗಳು ಹಿಡಿದವೆಂದರೆ ಆಶ್ಚರ್ಯವಿಲ್ಲ. ಆ ಆರು ವರ್ಷಗಳನ್ನು ಆಕೆಯು ಬಹುಮಟ್ಟಿಗೆ ನೋಡುವವರು ವಿರಳವಾದ ಸಣ್ಣ ಪಂದ್ಯಾವಳಿಗಳಲ್ಲಿ ಕಳೆದಳು. 2015ರಲ್ಲಿ ಕರೀಂ ಕಮ್ಮೂನ್ ಎಂಬವನನ್ನು ಮದುವೆಯಾದಳು. ಅವನು ಹಿಂದೆ ಕತ್ತಿವರಸೆಯ ಕ್ರೀಡಾಪಟುವಾಗಿದ್ದವನು. ಮುಂದೆ ಅವನೇ ಆಕೆಯ ಅಂಗಸಾಧನೆಯ ಶಿಕ್ಷಕನಾದನು. 2017ರ ಫ್ರೆಂಚ್ ಓಪನ್ನಿನಲ್ಲಿ ಆಕೆಯು ಅರ್ಹತಾ ಪಂದ್ಯದಲ್ಲಿ ಸೋತಿದ್ದಳು. ಆದರೆ ಬೇರೆ ಆಟಗಾರ್ತಿಯೊಬ್ಬಳು ಹಿಂದೆಗೆದುದರಿಂದ ತೆರವಾದ ಸ್ಥಾನವು ಆಕೆಗೆ ದೊರೆಯಿತು. ಹಾಗೆ ಒಳಗೆ ಬಂದವಳು ಆರನೆಯ ಶ್ರೇಯಾಂಕದ ಡೊಮಿನಿಕಾ ಸಿಬುಲ್ಕೋವಾಳನ್ನು ಸೋಲಿಸಿ ಮೂರನೆಯ ಸುತ್ತನ್ನು ಮುಟ್ಟಿದಳು. ಅರಬ್ಬಿ ನಾಡುಗಳ ಮಹಿಳೆಯೊಬ್ಬಳು ಅಷ್ಟು ದೂರ ನಡೆದುದು ಅದೇ ಮೊದಲು. ಸೋತ ದಿನವೇ ಊರಿಗೆ ಹಿಂದಿರುಗಿದ್ದರೆ ಆ ಸ್ಥಾನವು ಇನ್ನೊಬ್ಬಳಿಗೆ ಸಲ್ಲುತ್ತಿತ್ತು.

ಆಕೆಯ ಆಟದ ರೀತಿಯೂ ವಿಶೇಷವಾದುದು. ಈಗಿನ ಕಾಲದಲ್ಲಿ ಬಲವಾಗಿ ಹೊಡೆಯುವುದೇ ವಾಡಿಕೆ. ಈಕೆಯಾದರೋ ಚೆಂಡನ್ನು ಮೆಲ್ಲನೆ ತಟ್ಟಿ ಬಲೆಯ ಆಚೆಗೆ ಹತ್ತಿರದಲ್ಲಿಯೇ ಬೀಳಿಸಿ, ದೂರದಲ್ಲಿ ನಿಂತ ಎದುರಾಳಿಯು ಓಡಿ ಬರುವುದರೊಳಗೆ ಅಂಕವನ್ನು ಪಡೆಯುವುದರಲ್ಲಿ ನಿಪುಣಳು. ಈ ರೀತಿಯನ್ನು ಬಿಡಬೇಕೆಂದು ಹೇಳಿದ ಶಿಕ್ಷಕರೂ ಇದ್ದರು, ಆಕೆಯು ಬಿಡಲಿಲ್ಲ. 2020ರಿಂದ ತನ್ನ ದೇಶದವನೇ ಆದ ಇಸಾಂ ಜೆಲ್ಲಾಲಿ ಎಂಬವನನ್ನು ಶಿಕ್ಷಕನನ್ನಾಗಿ ಮಾಡಿಕೊಂಡಳು. ಲೋಕದ ಶಿಖರವನ್ನು ಸಮೀಪಿಸಿದುದು ಸ್ವದೇಶದವರ ಸಹಾಯದಿಂದಲೇ ಎಂಬುದು ಗಮನಿಸತಕ್ಕ ಸಂಗತಿ.

ಆ ವರ್ಷವೇ ಆಸ್ಟ್ರೇಲಿಯಾದ ಪಂದ್ಯಾವಳಿಯಲ್ಲಿ ಕಡೆಯ ಎಂಟು ಮಂದಿಯೊಳಗೆ ಒಬ್ಬಳಾದಳು. 2021ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಡಾರಿಯಾ ಕಸಾಟ್ಕಿನಾಳನ್ನು ಗೆದ್ದು, ಮಹಿಳೆಯರ ಮುಖ್ಯ ಪಂದ್ಯಾವಳಿಗಳಲ್ಲಿ ತನ್ನ ಮೊದಲನೆಯ ಪ್ರಶಸ್ತಿಯನ್ನು ಪಡೆದಳು. ಪ್ಯಾರಿಸಿನ ಬಾಲಿಕೆಯರ ಪ್ರಶಸ್ತಿಯಿಂದ ಅಲ್ಲಿಗೆ ಸರಿಯಾಗಿ ಹತ್ತು ವರ್ಷ! ಅಕ್ಟೋಬರಿನಲ್ಲಿ ಮೊದಲ ಹತ್ತು ಮಂದಿಯೊಳಗೆ ಸೇರಿದಳು. 2022ರಲ್ಲಿ ಮ್ಯಾಡ್ರಿಡ್ ಮತ್ತು ಬರ್ಲಿನ್ ನಗರಗಳಲ್ಲಿ ಗೆದ್ದು, ಜೂನ್ 27ರಂದು ಲೋಕದ ಎರಡನೆಯ ಸ್ಥಾನವನ್ನು ಏರಿದಳು. ಮರುತಿಂಗಳು ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಮೊದಲನೆಯ ಸೆಟ್ಟನ್ನು ಗೆದ್ದೂ ಎಲೆನಾ ರೈಬಾಕಿನಾಳಿಗೆ ಸೋತಳು. ರಷ್ಯಾ ಮತ್ತು ಬೆಲಾರೂಸ್ ದೇಶದವರನ್ನು ವಿಂಬಲ್ಡನ್ನಿನವರು ಆ ವರ್ಷ ಸೇರಿಸಿಕೊಳ್ಳದೆ ಇದ್ದುದರಿಂದ, ಅಲ್ಲಿ ಆಡಿದ ಯಾರಿಗೂ ಕ್ರಮಾಂಕದ ಅಂಕಗಳು ದೊರೆಯಲಿಲ್ಲ. ಆಕೆಯ ಏಳು ಪಂದ್ಯಗಳ ಶ್ರಮವು ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕಾದ ಅಂತಿಮ ಪಂದ್ಯದಲ್ಲಿ ಇಗಾ ಶ್ವಿಯಾಂಟೆಕಳಿಗೆ ಸೋಲು. 2023ರಲ್ಲಿ ಮರಳಿ ವಿಂಬಲ್ಡನ್ನಿನ ಅಂತಿಮ ಪಂದ್ಯ. ಈ ಬಾರಿ ಮಾರ್ಕೆಟಾ ವೊಂಡ್ರೊಸೋವಾಳಿಂದ ಸೋಲು. ಅಂದು ಆಕೆಯು ಸಾವಿರಾರು ಜನರೆದುರು ಕಣ್ಣೀರಿಡುತ್ತ, ತನ್ನ ವೃತ್ತಿಯಲ್ಲಿಯೇ ಅತ್ಯಂತ ನೋವಿನ ಸೋಲು ಇದೆಂದು ಮರೆಮಾಚದೆ ಹೇಳಿದಳು. ಅದೇ ವರ್ಷ ಚಾರ್ಲ್ಸ್‌ಟನ್ನಿನಲ್ಲಿಯೂ ನಿಂಗ್‌ಬೋದಲ್ಲಿಯೂ ಗೆದ್ದು, ಪ್ರಶಸ್ತಿಗಳನ್ನು ಐದಕ್ಕೆ ಏರಿಸಿದಳು. ಆಮೇಲೆ ಭುಜದ ನೋವು ಕಾಡಿತು. 2025ರ ಜುಲೈ ತಿಂಗಳಲ್ಲಿ ಕೆಲಕಾಲ ಆಟದಿಂದ ವಿರಮಿಸುವೆನೆಂದು ತಿಳಿಸಿದಳು.

ಮೂರು ಸಲ ಕಡೆಯ ಮೆಟ್ಟಿಲನ್ನು ಮುಟ್ಟಿ ಮೂರು ಸಲವೂ ಬರಿಗೈಯಲ್ಲಿ ಮರಳಿದವಳನ್ನು ವಿಫಲಳೆನ್ನಬಹುದೇ? ಆಕೆಯ ದೇಶದವರು ಹಾಗೆನ್ನಲಿಲ್ಲ. ಅವರು ಆಕೆಗೆ “ಸಂತೋಷದ ಮಂತ್ರಿ” ಎಂದು ಹೆಸರಿಟ್ಟರು. 2022ರ ಅಕ್ಟೋಬರಿನಲ್ಲಿ, ಆಕೆಯು ಹುಟ್ಟಿದ ಊರಿಗೆ ಸಮೀಪದ ಮೊನಾಸ್ತಿರ್ ಪಟ್ಟಣದಲ್ಲಿ, ಟ್ಯುನೀಷಿಯಾದ ಮೊತ್ತಮೊದಲ ಮಹಿಳಾ ಟೆನಿಸ್ ಮಹಾಪಂದ್ಯಾವಳಿಯು ನಡೆಯಿತು. ಹೋಟೆಲಿನ ಅಂಗಣವನ್ನು ಎರವಲು ಪಡೆದು ಕಲಿತ ಬಾಲಿಕೆಯ ಸೀಮೆಗೆ ಲೋಕದ ಆಟಗಾರ್ತಿಯರೇ ಬಂದರು.

ಈಗ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಾನು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದಾಗ, ಬ್ಯಾಡ್ಮಿಂಟನ್ ಆಟದಲ್ಲಿ ಬಹಳ ಚುರುಕಾದ ಬಾಲಿಕೆಯೊಬ್ಬಳು ಜಿಲ್ಲೆಯ ಪಂದ್ಯದಲ್ಲಿ ಎರಡು ವರ್ಷ ಒಂದರ ಮೇಲೊಂದು ಸೋತಳು. ಅವಳ ತಂದೆಯವರು ನನ್ನ ಅಭಿಪ್ರಾಯವನ್ನು ಕೇಳಿದಾಗ, “ಇನ್ನು ಸಾಕು, ಪರೀಕ್ಷೆಯ ಕಡೆಗೆ ಗಮನವಿರಲಿ” ಎಂದುಬಿಟ್ಟೆನು. ಮರುದಿನ ಅವಳು ಬ್ಯಾಟನ್ನು ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದಳು. ಪರೀಕ್ಷೆಯಲ್ಲಿ ಚೆನ್ನಾಗಿಯೇ ತೇರ್ಗಡೆಯಾದಳು. ಆದರೆ ಅವಳ ಇಷ್ಟವೇನೆಂದು ನಾನು ಕೇಳಿರಲಿಲ್ಲ. ಎರಡು ವರ್ಷಗಳನ್ನು ಮಾತ್ರ ಎಣಿಸಿದ್ದೆನು.

ಎಲ್ಲ ಹುಡುಗಿಯರೂ ಲೋಕಪ್ರಸಿದ್ಧರಾಗಲಾರರು. ಖರ್ಚಿನ ಲೆಕ್ಕವನ್ನು ಪೋಷಕರು ನೋಡಲೇಬೇಕು, ಪಾಠವನ್ನೂ ಕೈಬಿಡಲಾಗದು. ಜಬೇರಳೂ ಶಾಲೆಯನ್ನು ಬಿಟ್ಟು ಆಡಿದವಳಲ್ಲ. ನನ್ನ ಬಿನ್ನಹವು ಇಷ್ಟೇ: ಒಂಬತ್ತನೆಯ ತರಗತಿಗೆ ಬಂದಳೆಂದೋ, ಒಂದೆರಡು ಸಲ ಸೋತಳೆಂದೋ ಮಗಳನ್ನು ಬಯಲಿನಿಂದ ಹಿಂದಕ್ಕೆ ಕರೆಯುವ ಮುನ್ನ, ನಿನಗೆ ಇನ್ನೂ ಆಡುವ ಮನಸ್ಸುಂಟೇ ಎಂದು ಅವಳನ್ನೇ ಕೇಳಿರಿ. ಉಂಟೆಂದರೆ ಇನ್ನೊಂದು ವರ್ಷ ಬಿಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವಿರಿ. ಆ ಬಾಲಿಕೆಯೂ ಈ ಸಂಚಿಕೆಯನ್ನು ಓದಬಹುದು. ಓದಿದಲ್ಲಿ, ಅವಳ ಬ್ಯಾಟು ಬಹುಕಾಲ ನನ್ನ ಕಪಾಟಿನಲ್ಲಿಯೇ ಇದ್ದಿತೆಂದೂ, ಈಗ ಅದರಿಂದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆಡುತ್ತಿರುವಳೆಂದೂ ತಿಳಿಯಲಿ.