ಎರಡು ಮೈಯ ಗೋಡೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೇ ಒಕ್ಕಲುಮನೆಗಳನ್ನು ದುರಸ್ತಿ ಮಾಡುತ್ತ ಬಂದ ಗೌಂಡಿ ಮನೆತನ ನಮ್ಮದು. ಈಗ ನನ್ನನ್ನು ಕರೆಸುವ ಹೆಚ್ಚಿನವರದು ಒಂದೇ ಮಾತು: ‘ಮನಿ ಕೆಡವಲಿಕ್ಕೆ ಎಷ್ಟು ತಗೋತಿ?’ ‘ಮೊದಲು ಗೋಡಿ ತೋರಸ್ರಿ ಯಜಮಾನ್ರ’ ಅನ್ನುತ್ತೇನೆ.

ಇಲ್ಲಿಯ ಮನೆಯ ಸ್ವಭಾವವೆಲ್ಲ ಕಾಲಕೆಳಗಿನ ಎರೆಮಣ್ಣಿನಿಂದ ಬಂದದ್ದು. ಜೋಳ, ತೊಗರಿಗೆ ಈ ಮಣ್ಣು ಬಂಗಾರ, ಕಟ್ಟಡಕ್ಕೆ ವೈರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಇದರಲ್ಲಿ ಇಟ್ಟಂಗಿ ಕೊಯ್ದರೆ ಒಣಗುವಾಗಲೇ ಸೀಳುತ್ತದೆ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಕಟ್ಟಡದ ಕಲ್ಲಿಗೆ ಬರ. ಅಲ್ಲಿಯ ರೈತರು ಊರ ಜೇಡಿಮಣ್ಣು ಸುಟ್ಟು ಇಟ್ಟಂಗಿಯ ಮನೆ ಕಟ್ಟಿಕೊಂಡರು. ನಮ್ಮಲ್ಲಿ ಮಣ್ಣು ಒಲ್ಲೆ ಅಂದಿತು, ಕಲ್ಲು ಒದಗಿತು. ಆಳಂದ, ಅಫಜಲಪುರದ ಕಡೆ ಕರಿಕಲ್ಲು; ಜೇವರ್ಗಿಗೆ ಬಂದರೆ ನೆಲಕ್ಕೆ ಶಹಾಬಾದ್ ಫರಸಿ. ಪಾಯ ಮಾತ್ರ ಎರೆ ದಾಟಿ ಗರಸು ಸಿಗುವತನಕ ಇಳಿಯಲೇಬೇಕು.

ತಲಬಾಗಿಲು ದಾಟಿದರೆ ಮೊದಲು ದಂದಕ್ಕಿ, ಎತ್ತು ಕಟ್ಟುವ ಜಾಗ. ಅದಕ್ಕಿಂತ ಮೊಣಕಾಲೆತ್ತರಕ್ಕೆ ಪಡಸಾಲೆ; ಅಲ್ಲಿ ಮಲಗಿದವನಿಗೆ ನಡುರಾತ್ರಿಯೂ ಎತ್ತು ಕಾಣುತ್ತಿರಬೇಕು. ಒಳಗೆ ಅಡುಗೆಮನೆ, ದೇವರ ಜಗಲಿ. ಹೊರಗೋಡೆಗೆ ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಗಾಳಿಗೂ ಕಳ್ಳರಿಗೂ ಅದೇ ತಡೆ. ಬೆಳಕೆಲ್ಲ ಮಾಳಿಗೆಯ ಬೆಳಕಿಂಡಿಯಿಂದಲೇ.

ನನಗೆ ಬಲು ಇಷ್ಟವಾದದ್ದು ಹಗೇವು. ಗರಸಿನಲ್ಲಿ ತೋಡಿದ ಈ ಕಣಜದ ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಅಗಲ. ಸುತ್ತ ಜೋಳದ ದಂಟು, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ತೀರಿ ಹುಳಕ್ಕೆ ಉಸಿರಿಲ್ಲದಂತಾಗುತ್ತದೆ. ಮನುಷ್ಯನಿಗೂ ಅದೇ ಗತಿ. ಅದಕ್ಕೇ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಆರಿದರೆ ಕಾಯುತ್ತಿದ್ದರು.

ಇನ್ನು ಗೋಡೆ. ಎರಡೂವರೆ, ಮೂರಡಿ ದಪ್ಪ. ಹೊರಗಿನಿಂದ ಕೋಟೆ, ಒಂದು ಕಲ್ಲು ಕಿತ್ತು ಒಳಗೆ ನೋಡಿ. ಹೊರಮೈಗೊಂದು, ಒಳಮೈಗೊಂದು ಬೇರೆಬೇರೆ ಕಲ್ಲಿನ ಸಾಲು. ನಡುವೆ ಚೂರುಕಲ್ಲು, ಕೆಸರು. ಈ ಮೈಯಿಂದ ಆ ಮೈಗೆ ಮುಟ್ಟುವ ಉದ್ದನೆಯ ಕಲ್ಲೇ ಇರುವುದಿಲ್ಲ. ಮೇಲೆ ತೊಲೆ, ಜಂತಿ, ಸೀಳು ಕಟ್ಟಿಗೆ, ಅದರ ಮೇಲೆ ಮಾಳಿಗೆಯ ಮಣ್ಣು. ಸೋರಿದಾಗೆಲ್ಲ ಹಳೆಯದನ್ನು ತೆಗೆಯದೆ ಹೊಸದನ್ನು ಹಾಕಿ ಹಾಕಿ ಅದು ಒಂದಡಿ, ಎರಡಡಿಗೆ ಏರಿರುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆ ಕಿಲ್ಲಾರಿ, ಉಮರ್ಗಾ ಕಡೆಯ ಊರುಗಳು ಗಣಪತಿಯನ್ನು ಕಳಿಸಿ ಮಲಗಿದ್ದವು. ನೆಲ ನಡುಗಿತು. ಗೋಡೆಯ ಎರಡು ಮೈ ಸೀಳಿ ಒಂದೊಂದು ಕಡೆ ಬಿದ್ದವು, ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಸುರಿಯಿತು. ಸಾವಿರಾರು ಜನ ಹೋದರು. ಅಂದಿನಿಂದ ಕಲ್ಲಿನ ಮನೆ ಅಂದರೆ ಸಾವು ಎಂಬ ಮಾತು ನಮ್ಮ ಸೀಮೆಯಲ್ಲೂ ನಿಂತುಬಿಟ್ಟಿದೆ. ಆದರೆ ಅದೇ ಊರುಗಳಲ್ಲಿ ಮಾಳಿಗೆಯ ಭಾರವನ್ನು ಕಟ್ಟಿಗೆಯ ಕಂಬಗಳೇ ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಚೌಕಟ್ಟು ನಿಂತಿತ್ತು. ಕಲ್ಲಿನ ಮೇಲೆ ಹೊರಿಸಿದ ತಪ್ಪು ಕಟ್ಟುವ ರೀತಿಯದು, ಮಾಳಿಗೆಯ ಭಾರದ್ದು.

ಹೊಸ ಕಲ್ಲುಗೋಡೆಗೆ ಭಾರತೀಯ ಮಾನಕ 13828 ದಾರಿ ಹೇಳಿದೆ: ಎತ್ತರದಲ್ಲಿ 60 ಸೆಂಟಿಮೀಟರಿಗೊಮ್ಮೆ, ಉದ್ದಕ್ಕೆ 1.2 ಮೀಟರಿನೊಳಗೆ, ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡ ಕಲ್ಲು. ನಿಂತ ಗೋಡೆಗೂ ಉಪಾಯವಿದೆ. ಎರಡೂ ಮೈಯಿಂದ ಒಂದೊಂದು ಕಲ್ಲನ್ನು ಪೆಟ್ಟು ಹಾಕದೆ ಸಡಿಲಿಸಿ ತೆಗೆದು, ನಡುವಿನ ಚೂರು ಬಗೆದು, ತುದಿ ಬಾಗಿಸಿದ ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟು ತುಂಬಬೇಕು. ಹಾರೆಯಿಂದ ಬಡಿದರೆ ಅಕ್ಕಪಕ್ಕದ ಕಲ್ಲೂ ಅಲುಗುತ್ತವೆ, ಕೆಲಸ ಕೆಡುತ್ತದೆ.

ಭೀಮೆಯ ದಂಡೆಯವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರಿನ ಪ್ರವಾಹದಂಥ ನೀರು ನಿಂತರೆ ಕೆಸರಿನ ಗೋಡೆ ಬುಡದಿಂದಲೇ ಕರಗುತ್ತದೆ. ಅಲ್ಲಿ ಕೆಳಗಿನ ವರಸೆಗಳ ಸಂದುಗಳನ್ನು ಸುಣ್ಣದ ಗಾರೆಯಿಂದ ಮುಚ್ಚಿ, ನೀರು ಗೋಡೆ ಬಿಟ್ಟು ಹರಿಯುವಂತೆ ನೆಲಕ್ಕೆ ಇಳುಕಲು ಕೊಡಿ. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸುವುದು ಮಾತ್ರ ಎಲ್ಲರಿಗೂ ಮೊದಲ ಕೆಲಸ. ರೋಹಿಣಿ ಮಳೆಗಿಂತ ಮುಂಚೆಯೇ ಅದು ಮುಗಿಯಬೇಕು.